ಹೆಸರು ಹೇಳದೆ ಹೋರಾಟ ಸಾಕಿದ ಅಡುಗೆಮನೆ

ಹೋರಾಟ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮೈಕು, ಬಾವುಟ, ಮುಂದೆ ನಿಂತ ನಾಯಕರು. ಆದರೆ ವರ್ಷಕ್ಕೂ ಮೇಲೆ ನಡೆದ ಹೋರಾಟವೊಂದಕ್ಕೆ ಪೆಟ್ರೋಲ್ ಖರ್ಚು ಎಲ್ಲಿಂದ ಬಂತು? ಆ ಕಥೆ ಕೇಳಿ.

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮೆರಿ ನಗರ. ಅಲ್ಲಿನ ಸಿಟಿ ಬಸ್ಸುಗಳಲ್ಲಿ ಮುಂದಿನ ಸೀಟು ಬಿಳಿಯರಿಗೆ, ಹಿಂದಿನದು ಕರಿಯರಿಗೆ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಮಹಿಳೆ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ. ಪೊಲೀಸರು ಬಂಧಿಸಿದರು.

ಅದೇ ರಾತ್ರಿ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ತಮ್ಮ ಕಾಲೇಜಿನ ಯಂತ್ರದಲ್ಲೇ ಸಾವಿರಾರು ಕರಪತ್ರ ಅಚ್ಚು ಹಾಕಿದರು. ಸೋಮವಾರ ಯಾರೂ ಬಸ್ ಹತ್ತಬೇಡಿ ಎಂಬುದೇ ಅದರ ಸಾರ. ಸರ್ಕಾರಿ ಹಣದಲ್ಲಿ ನಡೆಯುವ ಕಾಲೇಜು ಅದು. ಗೊತ್ತಾದರೆ ಕೆಲಸಕ್ಕೆ ಕುತ್ತು. ಹಾಗಾಗಿ ಅವರು ಹೆಸರು ಹೊರಗೆ ಬಿಡಲಿಲ್ಲ.

ಡಿಸೆಂಬರ್ 5ರಂದು ಬಸ್ಸುಗಳು ಖಾಲಿ ಓಡಿದವು. ಒಂದು ದಿನದ ಬಹಿಷ್ಕಾರ 381 ದಿನ ನಡೆಯಿತು.

ಇಷ್ಟು ದಿನ ಕೆಲಸಕ್ಕೆ ಹೋಗಿಬರುವುದು ಹೇಗೆ? ಮೊದಲು ಕರಿಯ ಟ್ಯಾಕ್ಸಿ ಚಾಲಕರು ಬಸ್ ಚಾರ್ಜಿನಷ್ಟೇ, 10 ಸೆಂಟಿಗೆ ಕರೆದೊಯ್ದರು. ಕಡಿಮೆ ದರಕ್ಕೆ ಓಡಿಸಿದರೆ ದಂಡ ಎಂದು ಆಡಳಿತ ಹೆದರಿಸಿತು. ಆಗ ಕಾರಿದ್ದವರು ಕಾರು ತಂದರು. ಚರ್ಚುಗಳು ದೊಡ್ಡ ವಾಹನ ಕೊಂಡವು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಜಾಗ ಗೊತ್ತುಮಾಡಿದರು. ಸ್ಥಳೀಯ ಕಂಪನಿಗಳು ಇನ್ಶೂರೆನ್ಸ್ ರದ್ದು ಮಾಡಿದಾಗ, ಅಟ್ಲಾಂಟಾದ ಕರಿಯ ಏಜೆಂಟ್ ಒಬ್ಬರು ಲಂಡನ್ನಿನಿಂದ ಇನ್ಶೂರೆನ್ಸ್ ಮಾಡಿಸಿಕೊಟ್ಟರು.

ಈ ಗಾಡಿಗಳಿಗೆಲ್ಲ ಹಣ ಬೇಕಲ್ಲ? ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಒಂದಷ್ಟು ಹೆಂಗಸರನ್ನು ಸೇರಿಸಿದರು. ತಮ್ಮತಮ್ಮಲ್ಲೇ 14 ಡಾಲರ್ ಕೂಡಿಸಿ, ಕೋಳಿ, ಬ್ರೆಡ್ ತಂದು, ಸ್ಯಾಂಡ್‌ವಿಚ್ ಮಾಡಿ ಹೋರಾಟದ ಸಭೆಯಲ್ಲಿ ಮಾರಿದರು. ಆಮೇಲೆ ಊಟ, ಕೇಕು, ಸಿಹಿ ಪೈಗಳನ್ನು ಮನೆಮನೆಗೆ, ಬ್ಯೂಟಿ ಪಾರ್ಲರುಗಳಿಗೆ ಒಯ್ದು ಮಾರಿದರು. ಬಂದ ಹಣವನ್ನೆಲ್ಲ ಸಭೆಯಲ್ಲಿ ಒಪ್ಪಿಸುತ್ತಿದ್ದರು.

ಇವರಲ್ಲಿ ಹಲವರು ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದವರು. ಹೆಸರು ಗೊತ್ತಾದರೆ ಮರುದಿನವೇ ಕೆಲಸ ಹೋಗುತ್ತಿತ್ತು. ಅದಕ್ಕೇ ಗುಂಪಿಗೆ 'ಕ್ಲಬ್ ಫ್ರಮ್ ನೋವೇರ್' ಎಂದು ಹೆಸರಿಟ್ಟರು. ಅಂದರೆ ಊರಿಲ್ಲದ, ವಿಳಾಸವಿಲ್ಲದ ಸಂಘ. ಹಣ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಉತ್ತರ ಆ ಹೆಸರಲ್ಲೇ ಇತ್ತು. ಈ ತಿಂಡಿ ಕೊಂಡವರಲ್ಲಿ ಬಿಳಿಯರೂ ಇದ್ದರು. ತಮ್ಮ ಕಾಸು ಎಲ್ಲಿಗೆ ಹೋಗುತ್ತದೆ ಎಂದು ಅವರಲ್ಲಿ ಎಲ್ಲರಿಗೂ ಗೊತ್ತಿರಲಿಲ್ಲ.

ಗಿಲ್ಮೋರ್ ಮಾತ್ರ ಬಚ್ಚಿಟ್ಟುಕೊಳ್ಳಲಿಲ್ಲ. 1956ರ ಮಾರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮೇಲಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದರು. ತಾನು ಚಾರ್ಜ್ ಕೊಟ್ಟ ಮೇಲೂ ಚಾಲಕ ಕೆಳಗಿಳಿಸಿ, ಹಿಂಬಾಗಿಲಿಂದ ಹತ್ತು ಎಂದು ಹೇಳಿ, ಹತ್ತುವ ಮೊದಲೇ ಬಸ್ ಬಿಟ್ಟದ್ದನ್ನು ಕೋರ್ಟಿನಲ್ಲೇ ತಿಳಿಸಿದರು. ಅಡುಗೆ ಕೆಲಸ ಹೋಯಿತು. ಮನೆಯಲ್ಲೇ ಊಟ ಮಾಡಿ ಮಾರಲು ಕಿಂಗ್ ನೆರವಾದರು. ಮುಂದೆ ಹೋರಾಟಗಾರರು ಕೂತು ಮಾತಾಡಲು ಅದೇ ಮನೆ ಜಾಗವಾಯಿತು.

ಬಸ್ಸಿನಲ್ಲಿ ಬಣ್ಣ ನೋಡಿ ಸೀಟು ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪನ್ನು 1956ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಡಿಸೆಂಬರ್ 21ರಂದು ಕರಿಯ ಜನ ಮತ್ತೆ ಬಸ್ ಹತ್ತಿ, ಬೇಕಾದ ಸೀಟಿನಲ್ಲಿ ಕೂತರು.

ಕೋರ್ಟಿನಲ್ಲಿ ಕೇಸು ಗೆದ್ದದ್ದು ವಕೀಲರು. ತೀರ್ಪು ಬರುವ ತನಕ ಜನ ಕೈಚೆಲ್ಲದಂತೆ ನೋಡಿಕೊಂಡದ್ದು ಕಾರು ಕೊಟ್ಟವರು, ಊಟ ಮಾಡಿ ಮಾರಿದವರು. ಎಲ್ಲರೂ ಮೈಕಿನ ಮುಂದೆ ನಿಲ್ಲಬೇಕಾಗಿಲ್ಲ. ದಾರಿ ಖರ್ಚು ಕೊಡಬಹುದು, ಬುತ್ತಿ ಕಟ್ಟಬಹುದು, ಗಾಡಿ ಕೊಡಬಹುದು, ಕೆಲಸ ಕಳೆದುಕೊಂಡವರಿಗೆ ಬೇರೆ ದಾರಿ ತೋರಿಸಬಹುದು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಪ್ರತಿಭಟನೆಯ ಫೋಟೊ ಗ್ರೂಪಿಗೆ ಹಾಕುವ ಮೊದಲು, ಅದರಲ್ಲಿ ಕಾಣುವ ಮುಖ ನಾಳೆ ಯಾರ ಮನೆಗೆ ಕೂಲಿಗೆ ಹೋಗಬೇಕು ಎಂದು ಒಮ್ಮೆ ಯೋಚಿಸಿ. ಹೆಸರು ಹೇಳದಿರುವುದೂ ಒಂದು ಸಹಾಯವೇ.