ಆಕರಕೋಶ ವಿಭಜನೆ: ಸೆಂಟ್ರೋಸೋಮ್‌ಗಳಲ್ಲಿ ಹಿರಿದು, ಕಿರಿದು

ಸ್ಟೆಮ್ ಸೆಲ್ ಎಂದೇ ಹೆಚ್ಚು ಪರಿಚಿತವಾಗಿರುವ ಆಕರಕೋಶವು ವಿಭಜನೆಗೊಂಡಾಗ ಹುಟ್ಟುವ ಎರಡು ಕೋಶಗಳು ಅನೇಕ ಸಂದರ್ಭಗಳಲ್ಲಿ ಒಂದೇ ತೆರನಾಗಿರುವುದಿಲ್ಲ. ಒಂದು ಆಕರಕೋಶವಾಗಿಯೇ ಉಳಿಯುತ್ತದೆ. ಮತ್ತೊಂದು ನರಕೋಶವೋ ವೀರ್ಯಾಣುವೋ ಆಗುವ ಹಾದಿ ಹಿಡಿಯುತ್ತದೆ. ಎರಡೂ ಆಕರಕೋಶಗಳಾಗಿಯೇ ಉಳಿದರೆ ಗೆಡ್ಡೆ ಬೆಳೆಯುವ ಅಪಾಯವುಂಟು. ಎರಡೂ ಹೊರಟುಹೋದರೆ ಅಂಗಾಂಶದ ದಾಸ್ತಾನೇ ಬರಿದಾಗುತ್ತದೆ. ಈ ಸಮತೋಲವನ್ನು ಕಾಯುವ ರಚನೆಗಳಲ್ಲಿ ಸೆಂಟ್ರೋಸೋಮ್ ಒಂದು.

ಜರ್ಮನಿಯ ಥಿಯೊಡೋರ್ ಬೊವೆರಿ 1888ರಲ್ಲಿ ಹೆಸರಿಟ್ಟ ಈ ಕಣದ ನಡುವೆ ಸೆಂಟ್ರಿಯೋಲ್ ಎಂಬ ಎರಡು ಪುಟ್ಟ ಕೊಳವೆಗಳೂ ಅವುಗಳ ಸುತ್ತ ಪ್ರೋಟೀನ್‌ಗಳ ಹೊದಿಕೆಯೂ ಇರುತ್ತವೆ. ಆ ಹೊದಿಕೆಯಿಂದ ಸೂಕ್ಷ್ಮನಾಳಗಳು ಹೊರಟು, ವರ್ಣತಂತುಗಳನ್ನು ಇಬ್ಭಾಗಿಸುವ ಕದಿರನ್ನು ಕಟ್ಟುತ್ತವೆ. ವಿಭಜನೆಗೆ ಮುನ್ನ ಪ್ರತಿಯೊಂದು ಹಳೆಯ ಸೆಂಟ್ರಿಯೋಲ್‌ನ ಪಕ್ಕದಲ್ಲಿ ಹೊಸದೊಂದು ಮೂಡುತ್ತದೆ. ಆದ್ದರಿಂದ ಕೋಶದಲ್ಲಿರುವ ಎರಡು ಸೆಂಟ್ರೋಸೋಮ್‌ಗಳಿಗೆ ಎಂದೂ ಒಂದೇ ವಯಸ್ಸಿರುವುದಿಲ್ಲ. ಅಸಮತೆಯ ಬೀಜ ಇರುವುದು ಇಲ್ಲಿಯೇ.

ಮಾಗಿದ ಬಾಳೆಹಣ್ಣಿಗೆ ಮುತ್ತುವ ಹಣ್ಣಿನ ನೊಣದಲ್ಲಿ ಈ ವಿಷಯ ಮೊದಲು ಸ್ಪಷ್ಟವಾಯಿತು. ಗಂಡು ನೊಣದ ವೃಷಣದ ತುದಿಯಲ್ಲಿ ಹಬ್ ಎಂಬ ಕೋಶಗುಚ್ಛವಿದ್ದು, ಆಕರಕೋಶಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಯುಕಿಕೊ ಯಮಶಿತಾ, ಮಾರ್ಗರೆಟ್ ಫುಲ್ಲರ್ ಮತ್ತು ಸಂಗಡಿಗರು ಸೆಂಟ್ರೋಸೋಮ್‌ಗಳಿಗೆ ಹೊಳೆಯುವ ಗುರುತು ಹಾಕಿ ಹಿಂಬಾಲಿಸಿದರು. ಹಿರಿಯದು ಹಬ್‌ನ ಬಳಿಯೇ ಬೇರೂರಿ ಆಕರಕೋಶದಲ್ಲಿ ಉಳಿಯುತ್ತದೆ, ಕಿರಿಯದು ಎದುರು ಬದಿಗೆ ಸರಿದು ಹೊರಹೋಗುವ ಕೋಶದ ಪಾಲಾಗುತ್ತದೆ ಎಂದು 2007ರಲ್ಲಿ ಅವರು ಪ್ರಕಟಿಸಿದರು.

ಹಾಗಾದರೆ ಹಿರಿತನವೇ ಆಕರಕೋಶದ ಗುಟ್ಟೆ? ಅದೇ ನೊಣದ ಮರಿಹುಳುವಿನ ಮಿದುಳು ಬೇರೆಯೇ ಉತ್ತರ ನೀಡುತ್ತದೆ. ಅಲ್ಲಿನ ನ್ಯೂರೋಬ್ಲಾಸ್ಟ್‌ಗಳು ಕಿರಿಯ ಸೆಂಟ್ರೋಸೋಮನ್ನೇ ಉಳಿಸಿಕೊಳ್ಳುತ್ತವೆಂದು ಬಾರ್ಸಿಲೋನಾದ ಕಯೆಟಾನೊ ಗೊನ್ಸಾಲೆಸ್ ಅವರ ತಂಡ 2011ರಲ್ಲಿ ತೋರಿಸಿತು. ಇದರ ಕ್ರಮ ಕುತೂಹಲಕರ. ವಿಭಜನೆ ಮುಗಿದ ಕೂಡಲೇ ಎರಡು ಸೆಂಟ್ರಿಯೋಲ್‌ಗಳು ಬೇರ್ಪಡುತ್ತವೆ. ಕಿರಿಯದರ ಮೇಲೆ ಪೋಲೋ ಎಂಬ ಕಿಣ್ವವೂ ಸೆಂಟ್ರೋಬಿನ್ ಎಂಬ ಪ್ರೋಟೀನೂ ನೆಲೆಸಿರುವುದರಿಂದ ಅದರ ಹೊದಿಕೆ ಅಳಿಯದೆ, ಸೂಕ್ಷ್ಮನಾಳಗಳನ್ನು ಹಿಡಿದು ಕೋಶದ ಒಂದು ತುದಿಯಲ್ಲಿ ನಿಲ್ಲುತ್ತದೆ. ಹಿರಿಯದು ಹೊದಿಕೆಯನ್ನು ಕಳಚಿಕೊಂಡು ಕೋಶರಸದಲ್ಲಿ ಗುರಿಯಿಲ್ಲದೆ ಅಲೆಯುತ್ತದೆ. ಮುಂದಿನ ವಿಭಜನೆ ಹತ್ತಿರವಾದಾಗ, ಎದುರು ತುದಿಯಲ್ಲಿ, ಮತ್ತೆ ಹೊದಿಕೆ ತೊಡುತ್ತದೆ. ಸೆಂಟ್ರೋಬಿನ್ನನ್ನು ತೆಗೆದರೆ ಕಿರಿಯದೂ ಅಲೆಮಾರಿಯಾಗುತ್ತದೆ, ಅದನ್ನು ಹಿರಿಯದಕ್ಕೆ ಅಂಟಿಸಿದರೆ ಎರಡೂ ಚುರುಕಾಗಿರುತ್ತವೆ ಎಂಬುದು 2013ರಲ್ಲಿ ಖಚಿತವಾಯಿತು.

ಇಲಿಯ ಭ್ರೂಣದ ಮಿದುಳಿನಲ್ಲಾದರೋ ಮತ್ತೆ ಹಿರಿಯದೇ ಮೂಲಕೋಶದಲ್ಲಿ ಉಳಿಯುತ್ತದೆ (2009). ಹಿರಿಯ ಸೆಂಟ್ರಿಯೋಲ್‌ಗೆ ಪಕ್ವತೆ ತರುವ ನೈನೀನ್ ಪ್ರೋಟೀನನ್ನು ತಗ್ಗಿಸಿದರೆ ಈ ಹಂಚಿಕೆ ಕೆಟ್ಟು, ಮೂಲಕೋಶಗಳು ಕಾಲಕ್ಕೆ ಮುನ್ನ ಬರಿದಾಗುತ್ತವೆ. ವಯಸ್ಸಿಗಿಂತಲೂ, ಎರಡರ ನಡುವೆ ಭೇದವಿರುವುದೇ ಮುಖ್ಯವೆಂದು ತೋರುತ್ತದೆ. ಆದರೂ ಸೆಂಟ್ರೋಸೋಮ್ ಏಕಮಾತ್ರ ಕಾವಲುಗಾರನಲ್ಲ. ಸೆಂಟ್ರಿಯೋಲ್‌ಗಳಿಲ್ಲದ ನೊಣಗಳೂ ಪ್ರೌಢಾವಸ್ಥೆ ತಲುಪುತ್ತವೆಂದು 2006ರಲ್ಲಿ ಕೇಂಬ್ರಿಜ್‌ನಲ್ಲಿ ಕಂಡುಬಂದಿತ್ತು. ಅವುಗಳ ನ್ಯೂರೋಬ್ಲಾಸ್ಟ್ ವಿಭಜನೆಗಳಲ್ಲಿ ಸುಮಾರು ಶೇ. 30ರಷ್ಟು ಮಾತ್ರ ದಾರಿ ತಪ್ಪಿದ್ದವು.

ಮನುಷ್ಯರಲ್ಲಿ ಸೆಂಟ್ರೋಸೋಮ್‌ನ ಪ್ರೋಟೀನ್‌ಗಳಿಗೆ ಸಂಬಂಧಿಸಿದ ಕೆಲವು ಜೀನ್‌ಗಳು ಕೆಟ್ಟಾಗ ಮಗು ಅತಿ ಚಿಕ್ಕ ಮಿದುಳಿನೊಂದಿಗೆ ಹುಟ್ಟುವ ಮೈಕ್ರೋಸೆಫಲಿ ಕಾಣಿಸಿಕೊಳ್ಳುತ್ತದೆ. ಮುಪ್ಪಿಗೂ ಇದರ ನಂಟಿದೆ. ವಯಸ್ಸಾದ ಗಂಡು ನೊಣಗಳಲ್ಲಿ ಸೆಂಟ್ರೋಸೋಮ್ ತಪ್ಪು ದಿಕ್ಕಿಗೆ ನಿಂತ ಆಕರಕೋಶಗಳು ಹೆಚ್ಚುತ್ತವೆಂದು 2008ರಲ್ಲಿ ವರದಿಯಾಯಿತು. ಅಂಥ ಕೋಶಗಳು ದಿಕ್ಕು ಸರಿಹೋಗುವ ತನಕ ವಿಭಜನೆಯನ್ನೇ ತಡೆಹಿಡಿಯುತ್ತವೆ. ವೀರ್ಯಾಣುಗಳ ಉತ್ಪತ್ತಿ ಇಳಿಯಲು ಇದೂ ಒಂದು ಕಾರಣ.