ಒತ್ತಕ್ಷರಕ್ಕೆ ಬೇಕಾದ ಜಾಗ: ಕನ್ನಡ ಪುಟವಿನ್ಯಾಸ ಕಲಿತು ಬಂದ ದಾರಿ

ಕನ್ನಡದ ಪುಟ ಹೇಗಿರಬೇಕು ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ಶಾಲೆಯಲ್ಲಿ ಕಲಿತವರಲ್ಲ. ಒಂದು ಕಾಲಕ್ಕೆ ಮುದ್ರಣಾಲಯದ ಮೊಳೆಗಳ ಕೇಸಿನ ಮುಂದೆ ನಿಂತು ಕಲಿತರು. ಆಮೇಲೆ ಪತ್ರಿಕೆಯ ಸುದ್ದಿಮನೆಯಲ್ಲಿ ಹಿರಿಯರ ಪಕ್ಕ ಕುಳಿತು ಕಲಿತರು. ಅದಾದ ಮೇಲೆ ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಯಲ್ಲಿ ಮೌಸ್ ಹಿಡಿದು ಕಲಿತರು. ಇನ್ನೂರು ವರ್ಷಗಳ ಕನ್ನಡ ಮುದ್ರಣದಲ್ಲಿ ಯಂತ್ರ ಬದಲಾದಾಗಲೆಲ್ಲ ಹೊಸದನ್ನು ನಡೆಸುವುದನ್ನು ಬೇಗನೆ ರೂಢಿಸಿಕೊಂಡಿದ್ದೇವೆ. ಹಳೆಯ ಯಂತ್ರದ ಜೊತೆಗಿದ್ದ ಪುಟದ ತಿಳಿವಳಿಕೆಯನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದೇವೆ. ಒಂದೇ ಬರಹ ಇಂದು ಕಾಗದದ ಮೇಲೂ ಫೋನಿನ ಪರದೆಯ ಮೇಲೂ ಓದುಗರನ್ನು ತಲುಪಬೇಕು. ಹಾಗಾಗಿ ಈ ಕಲಿಕೆ ನಡೆದು ಬಂದ ದಾರಿಯನ್ನು ಒಮ್ಮೆ ನೋಡಬೇಕಾಗಿದೆ.

ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಬಂಗಾಳದ ಶ್ರೀರಾಂಪುರದಲ್ಲಿ. ಕನ್ನಡದ ಮೊಳೆಗಳು ಕನ್ನಡನಾಡಿನಿಂದ ಅಷ್ಟು ದೂರದಲ್ಲಿ ಪುಸ್ತಕವಾದವು. ಅಲ್ಲಿಯವರೆಗೆ ನಮ್ಮ ಗ್ರಂಥಗಳಿದ್ದದ್ದು ಓಲೆಗರಿಯಲ್ಲಿ. ಅಲ್ಲಿ ಪದಗಳ ನಡುವೆ ತೆರಪಿಲ್ಲ, ಸಾಲು ಗರಿಯ ಅಂಚು ಮುಟ್ಟಿದಲ್ಲಿಗೆ ಪದವೂ ಮುರಿಯುತ್ತದೆ. ಪದ ಬಿಡಿಸಿ ಬರೆಯುವುದು, ಪ್ಯಾರಾ ಮಾಡುವುದು, ಅಲ್ಪವಿರಾಮ, ಪೂರ್ಣವಿರಾಮ, ಇವೆಲ್ಲ ರೂಢಿಗೆ ಬಂದದ್ದು ಮುದ್ರಣದ ಜೊತೆಗೆ.

ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದದ್ದು 1841ರಲ್ಲಿ. ಎರಡು ವರ್ಷ ಕಳೆದು, 1843ರ ಜುಲೈ 1ರಂದು, ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಅದು ಕಲ್ಲಚ್ಚಿನ ಪತ್ರಿಕೆ. ಹಾಗಾಗಿ ಕನ್ನಡದ ಮೊದಲ ಪತ್ರಿಕೆಯ ಪುಟವಿನ್ಯಾಸ ಮೂಲತಃ ಕೈಬರಹದ ವಿನ್ಯಾಸ. ಕೈಯಲ್ಲಿ ಬರೆಯುವಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಗಲುವಂತಿದ್ದರೆ ಬರೆಯುವವರು ಅಕ್ಷರವನ್ನು ತುಸು ಸರಿಸಿ, ಕಿರಿದು ಮಾಡಿ ಬರೆಯುತ್ತಾರೆ. ಸೀಸದ ಮೊಳೆಗೆ ಆ ಅನುಕೂಲವಿಲ್ಲ. ಕನ್ನಡ ಪುಟವಿನ್ಯಾಸದ ಮುಖ್ಯ ಸಮಸ್ಯೆ ಹುಟ್ಟಿದ್ದೇ ಇಲ್ಲಿ. ಅದು ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ಆ ಸಮಸ್ಯೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ‘ಸ್ವಾತಂತ್ರ್ಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ತಕಾರದ ಅಡಿಯಲ್ಲಿ ರಕಾರದ ಒತ್ತು, ಅದರ ಜೊತೆಗೆ ಯಕಾರದ ಒತ್ತು. ‘ರಾಷ್ಟ್ರೀಯ’ದಲ್ಲಿ ಮೇಲೆ ಗುಡಿಸು, ನಡುವೆ ಷಕಾರ, ಕೆಳಗೆ ಎರಡು ಒತ್ತು, ಪಕ್ಕದಲ್ಲಿ ದೀರ್ಘ. ಇಂಗ್ಲಿಷ್ ಅಕ್ಷರದ ಬಾಲ ಸಾಲಿನಿಂದ ಒಂದಿಷ್ಟು ಕೆಳಗಿಳಿಯುತ್ತದೆ, ಅಷ್ಟೇ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಪೂರ್ಣ ಆಕಾರವಾಗಿಯೇ ಕುಳಿತುಕೊಳ್ಳುತ್ತದೆ. ಅದನ್ನು ತೀರಾ ಚಿಕ್ಕದು ಮಾಡಿದರೆ ಓದಲಾಗದು, ದೊಡ್ಡದು ಮಾಡಿದರೆ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇಂಗ್ಲಿಷಿನಲ್ಲಿ 10 ಪಾಯಿಂಟಿನ ಅಕ್ಷರವನ್ನು 12 ಪಾಯಿಂಟಿನ ಸಾಲಿನಲ್ಲಿ ನೆಮ್ಮದಿಯಾಗಿ ಕೂರಿಸಬಹುದು. ಕನ್ನಡದ 12 ಪಾಯಿಂಟಿನ ಅಕ್ಷರಕ್ಕೆ 16ರಿಂದ 18 ಪಾಯಿಂಟಿನ ಸಾಲು ಕೊಟ್ಟರೆ ಮಾತ್ರ ಕಣ್ಣಿಗೆ ಆಯಾಸವಾಗದು ಎಂಬುದು ನನ್ನ ಅಭಿಪ್ರಾಯ. ಕಾಗದ ಉಳಿಸಲು ಹೊರಟವರು ಮೊದಲು ಕೈ ಹಾಕುವುದು ಇದಕ್ಕೇ, ಓದುಗರು ಮೊದಲು ಕಳೆದುಕೊಳ್ಳುವುದೂ ಇದನ್ನೇ.

ಹಳೆಯ ಕಂಪೋಸಿಟರ್‌ಗೆ ಇದು ಪುಸ್ತಕ ಓದಿ ಬಂದ ಜ್ಞಾನವಲ್ಲ. ಒತ್ತು, ಗುಣಿತಗಳೆಲ್ಲ ಸೇರಿ ನೂರಾರು ಮನೆಗಳಿದ್ದ ಕೇಸು ಅವರ ಮುಂದಿರುತ್ತಿತ್ತು. ಎಡಗೈಯಲ್ಲಿ ಸ್ಟಿಕ್ ಹಿಡಿದು, ಮೊಳೆಯ ಮೇಲಿನ ಅಕ್ಷರವನ್ನು ತಿರುಗುಮುರುಗಾಗಿಯೇ ಓದುತ್ತಾ, ಸಾಲು ತುಂಬಿದಾಗ ಸೀಸದ ಲೆಡ್ ಪಟ್ಟಿ ಇಟ್ಟು, ಗ್ಯಾಲಿಗೆ ಇಳಿಸಿ, ಕರಡು ತೆಗೆದು ತಿದ್ದಿಸಿ, ಫಾರಂ ಕಟ್ಟುತ್ತಿದ್ದರು. ಸಾಲುಗಳ ನಡುವಿನ ಅಂತರ ಎಂದರೆ ಬೆರಳಿಗೆ ಸಿಗುವ ಲೋಹದ ಪಟ್ಟಿ. ಸಣ್ಣ ಮುದ್ರಣಾಲಯದಲ್ಲಿ ಕೆಲವೇ ಪುಟಗಳಿಗೆ ಸಾಲುವಷ್ಟು ಮೊಳೆ ಇರುತ್ತಿದ್ದುದರಿಂದ ಒಂದು ಫಾರಂ ಮುದ್ರಿಸಿ, ಮೊಳೆ ಬಿಚ್ಚಿ, ಮತ್ತೆ ಕೇಸಿಗೆ ಹಂಚಿ, ಮುಂದಿನ ಫಾರಂ ಕಟ್ಟಬೇಕಿತ್ತು. ಅಕ್ಷರದ ನಮೂನೆಗಳೂ ಎರಡೋ ಮೂರೋ. ಆ ಕೊರತೆಯಿಂದಲೇ ಪುಟಕ್ಕೆ ಒಂದು ಶಿಸ್ತು ಬಂತು. ಒಂದೇ ಅಕ್ಷರ, ಒಂದೇ ಅಳತೆಯ ಅಂಚು, ಕೊನೆಯ ಪುಟದವರೆಗೂ ಬದಲಾಗದ ಸಾಲು.

ಆ ಶಿಸ್ತು ಎಲ್ಲಿಯವರೆಗೆ ಹೋಗಬಲ್ಲದು ಎಂದು ನೋಡಲು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆರೆಯಬೇಕು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಒಂದೇ ಸಾಲಿನಲ್ಲಿ ಕನ್ನಡ ಲಿಪಿ, ರೋಮನ್ ಲಿಪಿ, ಆಕರಗಳ ಸಂಕೇತಾಕ್ಷರಗಳು. ಹುಡುಕುವ ಕಣ್ಣು ಪದದಿಂದ ಪದಕ್ಕೆ ದಾರಿ ತಪ್ಪದೆ ಇಳಿಯುತ್ತದೆ. ಎರಡು ಲಿಪಿಗಳನ್ನು ಒಂದೇ ಸಾಲಿನಲ್ಲಿ ಹೊಂದಿಸುವುದು ಹೇಗೆಂದು ಇಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಪ್ರಕಾಶಕರೇ ಪುಟದ ಗುರುಗಳಾದರು. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿ ಆರಂಭಿಸಿದ ಮನೋಹರ ಗ್ರಂಥಮಾಲೆ, ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ, ಇವುಗಳಿಂದ ಕನ್ನಡ ಓದುಗರಿಗೆ ಪುಸ್ತಕದ ಬಗ್ಗೆ ಒಂದು ಅಭಿರುಚಿ ಬೆಳೆಯಿತು. ಅಕ್ಷರ ಪ್ರಕಾಶನದ ಮುಖಪುಟಗಳಲ್ಲಿ ಅಬ್ಬರವಿಲ್ಲ, ಒಳಪುಟಗಳಲ್ಲಿ ಆತುರವಿಲ್ಲ. ಸಂಪನ್ಮೂಲ ಕಡಿಮೆಯಿದ್ದರೂ ಚೆಂದದ ಪುಸ್ತಕ ಮಾಡಬಹುದೆಂಬುದಕ್ಕೆ ಅವು ಸಾಕ್ಷಿ.

ಪತ್ರಿಕೆಗಳ ದಾರಿ ಬೇರೆ. 1948ರಲ್ಲಿ ‘ಪ್ರಜಾವಾಣಿ’, 1965ರಲ್ಲಿ ‘ಸುಧಾ’, 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’, 1980ರಲ್ಲಿ ಜಾಹೀರಾತಿಲ್ಲದ ‘ಲಂಕೇಶ್ ಪತ್ರಿಕೆ’. ಪ್ರತಿಯೊಂದಕ್ಕೂ ದೂರದಿಂದಲೇ ಗುರುತು ಹಿಡಿಯಬಹುದಾದ ಮುಖವಿತ್ತು. ಮುದ್ರಣದ ಅಚ್ಚುಕಟ್ಟಿಗೆ ‘ಉದಯವಾಣಿ’ ಹೆಸರಾಯಿತು. ಸುದ್ದಿಮನೆಯಲ್ಲಿ ಉಪಸಂಪಾದಕರು ಕಾಗದದ ಮೇಲೆ ಡಮ್ಮಿ ಹಾಕಿ, ಯಾವ ಸುದ್ದಿ ಎಷ್ಟು ಕಾಲಂ, ಚಿತ್ರ ಎಲ್ಲಿ, ಶೀರ್ಷಿಕೆ ಎಷ್ಟು ಸಾಲು ಎಂದು ಗೆರೆ ಎಳೆಯುತ್ತಿದ್ದರು. ಆಫ್‌ಸೆಟ್ ಬಂದ ಮೇಲೆ ಬ್ರೊಮೈಡ್ ಕತ್ತರಿಸಿ ಅಂಟಿಸುವ ಕೆಲಸ ಸೇರಿಕೊಂಡಿತು. ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಕಥೆಯ ಶೀರ್ಷಿಕೆಯನ್ನು ಕಲಾವಿದರು ಕೈಯಲ್ಲೇ ಬರೆಯುತ್ತಿದ್ದರು. ಕಥೆಯ ಭಾವಕ್ಕೆ ತಕ್ಕಂತೆ ಅಕ್ಷರ ಬಾಗುತ್ತಿತ್ತು, ಒತ್ತಕ್ಷರ ಚಿತ್ರದೊಳಗೆ ಇಳಿಯುತ್ತಿತ್ತು. ದೊಡ್ಡ ಗಾತ್ರದ ಕನ್ನಡ ಅಕ್ಷರವನ್ನು ಹೇಗೆ ನಿಲ್ಲಿಸಬೇಕು ಎಂಬುದಕ್ಕೆ ನಮಗಿದ್ದ ಅತ್ಯುತ್ತಮ ಶಾಲೆ ಅದೇ. ಅದು ಮುಚ್ಚಿದ್ದು ಸಣ್ಣ ನಷ್ಟವಲ್ಲ.

ಮುಚ್ಚಿದ್ದು ಕಂಪ್ಯೂಟರ್ ಬಂದಾಗ. ಆಲ್ಡಸ್ ಕಂಪನಿಯ ಪೇಜ್‌ಮೇಕರ್ 1985ರಲ್ಲಿ ಹೊರಬಂತು. ತೊಂಬತ್ತರ ದಶಕದಲ್ಲಿ ಅದು ಕನ್ನಡದ ಊರೂರಿಗೂ ತಲುಪಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಪುಣೆಯ ಶ್ರೀಲಿಪಿ, 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳಿಂದ ಕನ್ನಡದಲ್ಲಿ ಟೈಪ್ ಮಾಡುವುದು ಯಾರ ಕೈಗಾದರೂ ಎಟುಕುವಂತಾಯಿತು. ಸಾವಿರಾರು ಜನ ಇದರಿಂದ ಬದುಕು ಕಟ್ಟಿಕೊಂಡರು. ಹಳ್ಳಿಯ ಲೇಖಕರೂ ತಮ್ಮ ಪುಸ್ತಕವನ್ನು ಹತ್ತಿರದ ಪಟ್ಟಣದಲ್ಲೇ ಸಿದ್ಧಪಡಿಸಿಕೊಂಡರು. ಕನ್ನಡ ಪ್ರಕಟಣೆಯ ಚರಿತ್ರೆಯಲ್ಲಿ ಇದರಷ್ಟು ದೊಡ್ಡ ಬಿಡುಗಡೆ ಬೇರೊಂದಿಲ್ಲ.

ಪುಟಕ್ಕೆ ಪೆಟ್ಟು ಬಿದ್ದದ್ದೂ ಅದೇ ಹೊತ್ತಿನಲ್ಲಿ. ಪೇಜ್‌ಮೇಕರ್ ತಾನಾಗಿಯೇ ಕೊಡುವ ಸಾಲಿನ ಅಂತರ ಅಕ್ಷರದ ಗಾತ್ರದ ಶೇ. 120. 12 ಪಾಯಿಂಟಿಗೆ 14.4. ಇದು ರೋಮನ್ ಅಕ್ಷರಕ್ಕೆ ಹೊಂದುವ ಲೆಕ್ಕ. ಅದರೊಳಗೆ ಒತ್ತಕ್ಷರ ಹಿಡಿಸಬೇಕೆಂದರೆ ಕನ್ನಡ ಫಾಂಟಿನ ಅಕ್ಷರವನ್ನೇ ಕುಗ್ಗಿಸಿ ಬರೆಯಬೇಕು. ಅಂಥ ಫಾಂಟಿನಲ್ಲಿ 12 ಪಾಯಿಂಟ್ ಇಟ್ಟರೆ ಅಕ್ಷರ ತೀರಾ ಸಣ್ಣದಾಗಿ ಕಾಣುತ್ತದೆ, ಗಾತ್ರವನ್ನು 14ಕ್ಕೋ 16ಕ್ಕೋ ಏರಿಸಬೇಕಾಗುತ್ತದೆ. ಡಿಟಿಪಿ ಕಲಿಸಿದವರು ಮೆನು ಎಲ್ಲಿದೆ ಎಂದು ಹೇಳಿಕೊಟ್ಟರು. ಸಾಲಿನ ಅಂತರವನ್ನು ಕನ್ನಡಕ್ಕೆ ಬೇಕಾದಂತೆ ಬದಲಿಸಬೇಕೆಂದು ಹೇಳಿಕೊಟ್ಟವರು ವಿರಳ. ಕನ್ನಡಕ್ಕೆ ಸಹಜವಲ್ಲದ ಇಟಾಲಿಕ್ ಓರೆ, ಅಡ್ಡಕ್ಕೆ ಎಳೆದ ಶೀರ್ಷಿಕೆ, ನೆರಳು ಬಿಟ್ಟ ಅಕ್ಷರ, ಇವೆಲ್ಲ ಆ ಕಾಲದ ಆಹ್ವಾನ ಪತ್ರಿಕೆಗಳಿಂದ ಕವನ ಸಂಕಲನಗಳವರೆಗೆ ಹಬ್ಬಿದವು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಒಂದು ಮಾತನ್ನು ಎದ್ದು ಕಾಣುವಂತೆ ಮಾಡಲು ಗಾತ್ರ, ದಪ್ಪ, ಬಣ್ಣ, ಸುತ್ತಲಿನ ಖಾಲಿ ಜಾಗ, ಇಷ್ಟೇ ಸಾಧನ. ಖಾಲಿ ಜಾಗ ಇವುಗಳಲ್ಲಿ ಅತಿ ಅಗ್ಗದ್ದು, ಅತಿ ಕಡಿಮೆ ಬಳಕೆಯಾದದ್ದೂ ಅದೇ.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಆ ಕಾಲದ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಟ್ಟಿದ್ದವು. ಒಬ್ಬೊಬ್ಬರ ಫಾಂಟಿನಲ್ಲಿ ಒಂದೊಂದು ಕ್ರಮ. ಫಾಂಟ್ ಬದಲಿಸಿದರೆ ಬರಹ ಕಲಸಿಹೋಗುತ್ತಿತ್ತು. ಆ ವರ್ಷಗಳ ಎಷ್ಟೋ ಪುಸ್ತಕಗಳ ಕಡತ ಇಂದು ತೆರೆದರೂ ಹುಡುಕಲಾಗದು, ನಕಲಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಸಿಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಇತ್ತು. ಪುಟವಿನ್ಯಾಸದ ತಂತ್ರಾಂಶಗಳು ಮಾತ್ರ ತಡಮಾಡಿದವು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರದು, ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಇನ್‌ಡಿಸೈನ್‌ಗೆ ಕನ್ನಡ ಸರಿಯಾಗಿ ಒದಗಿದ್ದು 2012ರ ಸಿಎಸ್6ರಲ್ಲಿ. ಮುಕ್ತ ತಂತ್ರಾಂಶವಾದ ಸ್ಕ್ರೈಬಸ್‌ಗೆ ಇನ್ನೂ ಕೆಲವು ವರ್ಷ ಬೇಕಾಯಿತು. ಈ ನಡುವೆ ಮುದ್ರಣಕ್ಕೆ ಒಂದು ಕಡತ, ಜಾಲತಾಣಕ್ಕೆ ಪರಿವರ್ತಕದಲ್ಲಿ ಹಾಯಿಸಿದ ಇನ್ನೊಂದು ಕಡತ ಎಂಬ ಪದ್ಧತಿ ಬೇರೂರಿತು. ಪರಿವರ್ತನೆಯಲ್ಲಿ ಅರ್ಕಾವೊತ್ತು ಜಾಗ ತಪ್ಪಿದ ಬರಹವನ್ನು ಓದಿದವರಿಗೆ ಅದರ ಫಲ ಗೊತ್ತು.

ಜಾಲದಲ್ಲಿ ಕನ್ನಡ ಮೊದಲು ಕಾಲಿಟ್ಟದ್ದು ಯು.ಬಿ. ಪವನಜ ಅವರ ‘ವಿಶ್ವಕನ್ನಡ’ದಿಂದ, 1996ರಲ್ಲಿ. ಆಗ ಓದುಗರು ಫಾಂಟನ್ನು ತಾವೇ ಇಳಿಸಿಕೊಳ್ಳಬೇಕಿತ್ತು, ಇಲ್ಲವೇ ಪುಟವನ್ನು ಚಿತ್ರವಾಗಿ ನೋಡಬೇಕಿತ್ತು. ಇಂದು ನೋಟೋ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ವೈಷ್ಣವಿ ಮೂರ್ತಿಯವರೂ ಸೇರಿ ರೂಪಿಸಿದ ಅಕಾಯ ಕನ್ನಡಕ, ಅರವಿಂದ ವಿ.ಕೆ. ಅವರ ಗುಬ್ಬಿ ಮತ್ತು ನವಿಲು, ಹೀಗೆ ಉಚಿತವಾಗಿ ಸಿಗುವ ಫಾಂಟುಗಳು ಹಲವು. ಬರಗಾಲ ಮುಗಿದಿದೆ. ಆಯ್ಕೆ ಮಾಡುವ ಕಣ್ಣು ಬೇಕಾಗಿದೆ.

2010ರಲ್ಲಿ ಈಥನ್ ಮಾರ್ಕಾಟ್ ಮುಂದಿಟ್ಟ ವಿಚಾರದಿಂದ ಪರದೆಯ ಅಗಲಕ್ಕೆ ಹೊಂದಿಕೊಳ್ಳುವ ಪುಟ ಸಾಮಾನ್ಯವಾಯಿತು. ಮುದ್ರಣದ ಪುಟ ಒಮ್ಮೆ ನಿಂತರೆ ನಿಂತಂತೆ. ಜಾಲದ ಪುಟ ಪ್ರತಿ ಓದುಗರ ಕೈಯಲ್ಲೂ ಬೇರೆ. ಇಲ್ಲೂ ಪೇಜ್‌ಮೇಕರ್ ಕಾಲದ ತಪ್ಪೇ ಮರುಕಳಿಸುತ್ತಿದೆ. ಇಂಗ್ಲಿಷಿಗೆ ಅಳೆದ ಪೆಟ್ಟಿಗೆಯೊಳಗೆ ಕನ್ನಡ ಶೀರ್ಷಿಕೆ ತುರುಕಿದರೆ ಕೊನೆಯ ಸಾಲಿನ ಒತ್ತಕ್ಷರ ಅಡ್ಡಕ್ಕೆ ಕತ್ತರಿಸಿಹೋಗುತ್ತದೆ. ಸುದ್ದಿ ಆ್ಯಪುಗಳಲ್ಲಿ, ಬ್ಯಾಂಕಿನ ಆ್ಯಪುಗಳ ಗುಂಡಿಗಳ ಮೇಲೆ ಇದು ಈಗಲೂ ಕಾಣುತ್ತದೆ. ಜಾಲದ ಕನ್ನಡ ಬರಹಕ್ಕೆ ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಸಾಲಿನ ಎತ್ತರ ಕೊಟ್ಟು ನೋಡಿ, ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಫೋನಿನ ಒಂದು ಸಾಲಿನಲ್ಲಿ ಹಿಡಿಸುವುದು ನಾಲ್ಕೈದು ಪದ. ‘ತೀರ್ಮಾನಿಸಬೇಕಾಗಿರುವುದರಿಂದ’ ಎಂಬಂಥ ಪದ ಒಂದೇ ಸಾಕು, ಸಾಲಿನ ಮುಕ್ಕಾಲು ಹೋಯಿತು. ಅಂಥಲ್ಲಿ ಎರಡೂ ಅಂಚು ಸಮ ಮಾಡಲು ಹೊರಟರೆ ಪದಗಳ ನಡುವೆ ಕಂದಕ ಬೀಳುತ್ತದೆ. ಎಡ ಅಂಚಿಗೆ ಮಾತ್ರ ಸಾಲು ಹೊಂದಿಸುವುದು ಒಳ್ಳೆಯದು. ಇಲ್ಲವೇ ಪದ ಮುರಿಯುವ ನಿಯಮ ಬಳಸಬೇಕು. ಸಂತೋಷ್ ತೊಟ್ಟಿಂಗಲ್ ಅವರು ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ಅಂಥ ನಿಯಮಗಳನ್ನು ಮಾಡಿಕೊಟ್ಟಿದ್ದಾರೆ.

ಕಲಿಯಲು ಹೊರಟವರಿಗೆ ಇಂದು ಏನಿದೆ? ವಿನ್ಯಾಸ ಕಲಿಸುವ ಸಂಸ್ಥೆಗಳೆಂದರೆ ಅಹಮದಾಬಾದಿನಲ್ಲಿ 1961ರಿಂದ ಎನ್‌ಐಡಿ, ಮುಂಬೈಯಲ್ಲಿ 1969ರಿಂದ ಐಐಟಿಯ ಐಡಿಸಿ, ಬೆಂಗಳೂರಿನಲ್ಲಿ 1996ರಿಂದ ಸೃಷ್ಟಿ. ಓದಲು ಯಾನ್ ಚಿಖೋಲ್ಡ್, ಮ್ಯುಲರ್-ಬ್ರಾಕ್‌ಮನ್, ಬ್ರಿಂಗ್‌ಹರ್ಸ್ಟ್ ಅವರ ದೊಡ್ಡ ಕೃತಿಗಳು. ಓದಲೇಬೇಕಾದವು, ಆದರೆ ಅವು ಅಳೆಯುವ ಸಾಲು ರೋಮನ್ ಲಿಪಿಯದು. ಮ್ಯುಲರ್-ಬ್ರಾಕ್‌ಮನ್ 1981ರ ಪುಸ್ತಕದಲ್ಲಿ ವಿವರಿಸುವ ಗ್ರಿಡ್ ಅನ್ನು ಕನ್ನಡಕ್ಕೆ ತರುವವರು ಮೊದಲು ಒತ್ತಕ್ಷರಕ್ಕೆ ಜಾಗ ಬಿಟ್ಟು, ಆಮೇಲೆ ಸಾಲು ಎಣಿಸಬೇಕು. ಇದನ್ನು ಹೇಳುವ ಪಠ್ಯ ಕನ್ನಡದಲ್ಲೇ ಬೇಕು. ಪತ್ರಿಕೋದ್ಯಮ ವಿಭಾಗಗಳು ಪ್ರಯೋಗ ಪತ್ರಿಕೆ ಮಾಡಿಸುವಾಗ ತಂತ್ರಾಂಶಕ್ಕೆ ಕೊಡುವಷ್ಟೇ ಗಮನವನ್ನು ಸಾಲಿಗೂ ಕೊಡಬೇಕು. ಸ್ವಂತವಾಗಿ ಕಲಿಯುವವರು ತಮಗೆ ಓದಲು ಹಿತವೆನಿಸಿದ ಕನ್ನಡ ಪುಸ್ತಕವೊಂದನ್ನು ಸ್ಕೇಲು ಹಿಡಿದು ಅಳೆಯಲಿ: ಅಂಚು ಎಷ್ಟು, ಪುಟಕ್ಕೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ. ಅದೇ ಪುಟವನ್ನು ಯೂನಿಕೋಡ್ ಫಾಂಟಿನಲ್ಲಿ ಮತ್ತೆ ಕಟ್ಟಿ, ಮುದ್ರಿಸಿ, ಪಕ್ಕದಲ್ಲಿಟ್ಟು ಹೋಲಿಸಲಿ.

ಕನ್ನಡ ಪುಸ್ತಕ ಪ್ರಾಧಿಕಾರ ‘ಪುಸ್ತಕ ಸೊಗಸು’ ಬಹುಮಾನ ಕೊಡುತ್ತಾ ಈ ಕೆಲಸಕ್ಕೆ ಮನ್ನಣೆ ತಂದಿದೆ. ಪ್ರಕಾಶಕರು ಇನ್ನೊಂದು ಹೆಜ್ಜೆ ಇಡಬಹುದು. ನಮ್ಮ ಎಷ್ಟೋ ಪುಸ್ತಕಗಳ ಮೊದಲ ಪುಟಗಳಲ್ಲಿ 1/8 ಡೆಮಿ, 70 ಜಿ.ಎಸ್.ಎಂ. ಮ್ಯಾಪ್‌ಲಿಥೋ ಎಂದು ಆಕಾರ, ಕಾಗದದ ವಿವರ ಅಚ್ಚಾಗಿರುತ್ತದೆ. ಅದರ ಕೆಳಗೆ ಪುಟ ಕಟ್ಟಿದವರ ಹೆಸರು, ಬಳಸಿದ ಫಾಂಟು, ಅಕ್ಷರದ ಗಾತ್ರ, ಸಾಲಿನ ಅಂತರವನ್ನೂ ಒಂದು ಸಾಲಿನಲ್ಲಿ ಮುದ್ರಿಸಿ. ಅದಕ್ಕೆ ಖರ್ಚಿಲ್ಲ, ಮುಂದೆ ಕಲಿಯುವವರಿಗೆ ಪ್ರತಿ ಪುಸ್ತಕವೂ ಪಾಠವಾಗುತ್ತದೆ.