ಶಾಲಾ ತಂತ್ರಜ್ಞಾನ ಯೋಜನೆ ಮತ್ತು ಪೈವಳಿಕೆಯ ಕನ್ನಡ ತರಗತಿ: ದಿನಾಂಕ, ಅಂಕಿ, ಕೀಲಿಮಣೆ – ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ

ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಈ ಶತಮಾನದ ಆರಂಭದಿಂದ ಜಾರಿಯಲ್ಲಿರುವ ತಂತ್ರಜ್ಞಾನ ಯೋಜನೆಯನ್ನು ಕಾಸರಗೋಡು ಜಿಲ್ಲೆಯ ಪೈವಳಿಕೆಯ ಕನ್ನಡ ಮಾಧ್ಯಮ ತರಗತಿಯ ಕಡೆಯಿಂದ ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಯೋಜನೆಯಿಂದ ಕಲಿಕೆ ಎಷ್ಟು ಸುಧಾರಿಸಿತು ಎಂಬ ಪ್ರಶ್ನೆ ಇಲ್ಲಿಯ ವ್ಯಾಪ್ತಿಗೆ ಸೇರಿಲ್ಲ. ಯೋಜನೆ ಯಾವುದನ್ನು ಎಣಿಸಿತು, ಯಾವುದನ್ನು ಎಣಿಸಲಿಲ್ಲ ಎಂಬಷ್ಟಕ್ಕೆ ಚರ್ಚೆ ಸೀಮಿತ.

ದಾಖಲೆಗಳನ್ನು ಹೋಲಿಸುವಾಗ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ಊರಿನ ಹೆಸರು: ‘ಪೈವಳಿಕೆ’, ‘ಪೈವಳಿಗೆ’ ಎರಡೂ ರೂಪಗಳು ಬಳಕೆಯಲ್ಲಿದ್ದು, ಮಲಯಾಳಂ ಮತ್ತು ಇಂಗ್ಲಿಷ್ ದಾಖಲೆಗಳಲ್ಲೂ ಈ ವ್ಯತ್ಯಾಸ ಮುಂದುವರಿಯುತ್ತದೆ. ಎರಡನೆಯದು, ಇಲ್ಲಿ ಎರಡು ಸರಕಾರಿ ಹೈಯರ್ ಸೆಕೆಂಡರಿ ಶಾಲೆಗಳಿವೆ, ಪೈವಳಿಕೆ ಮತ್ತು ಪೈವಳಿಕೆ ನಗರ. ‘ನಗರ’ ಎಂಬ ಪದ ಬಿಟ್ಟುಹೋದರೆ ಒಂದರ ಅಂಕಿ ಇನ್ನೊಂದರ ಖಾತೆಗೆ ಸೇರುವ ಸಾಧ್ಯತೆ ಹೆಚ್ಚು. ಹೆಸರಿಗಿಂತ ಶಾಲಾ ಸಂಕೇತ ಸಂಖ್ಯೆಯನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಕ್ಷೇಮ. ಮೂರನೆಯದು, ಮಂಜೇಶ್ವರ ತಾಲೂಕು ರೂಪುಗೊಂಡದ್ದು 2014ರಲ್ಲಿ. ಅದಕ್ಕೂ ಹಿಂದಿನ ಕಂದಾಯ ದಾಖಲೆಗಳಲ್ಲಿ ಪೈವಳಿಕೆ ಕಾಸರಗೋಡು ತಾಲೂಕಿನ ಕೆಳಗೆ ಸಿಗುತ್ತದೆ. ಶಿಕ್ಷಣ ಇಲಾಖೆಯದು ಬೇರೆಯೇ ವಿಭಜನೆ. ಅಲ್ಲಿ ನೋಡಬೇಕಾದದ್ದು ಮಂಜೇಶ್ವರ ಉಪಜಿಲ್ಲೆ.

2. ಆರಂಭದ ವರ್ಷ

ಯೋಜನೆಯ ಮೊದಲ ರೂಪವಾದ ‘ಐಟಿ@ಸ್ಕೂಲ್’ನ ಆರಂಭವನ್ನು ಕೆಲವು ಬರಹಗಳು 2001 ಎಂದೂ ಕೆಲವು 2001-02 ಎಂದೂ ಹೇಳುತ್ತವೆ. ಒಂದು ಪಂಚಾಂಗ ವರ್ಷ, ಇನ್ನೊಂದು ಶೈಕ್ಷಣಿಕ ಅಥವಾ ಆರ್ಥಿಕ ವರ್ಷ ಎಂದಿಟ್ಟುಕೊಂಡರೆ ಇವುಗಳ ನಡುವೆ ವಿರೋಧವಿಲ್ಲ. ಯೋಜನೆಗೆ ಆಧಾರವಾದದ್ದು ಪ್ರೊ. ಯು.ಆರ್. ರಾವ್ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸು. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ರಾವ್ 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದವರು. ಕೇರಳದ ಶಾಲೆಗಳ ತಂತ್ರಜ್ಞಾನ ಯೋಜನೆಯ ನಕ್ಷೆ ಒಬ್ಬ ಕನ್ನಡ ಕರಾವಳಿಯವರ ನೇತೃತ್ವದಲ್ಲಿ ಸಿದ್ಧವಾಯಿತೆಂಬುದು ಕಾಸರಗೋಡಿನ ಕನ್ನಡ ಬರಹಗಳಲ್ಲಿ ಸಿಗಬೇಕಾದಷ್ಟು ಗಮನ ಪಡೆದಂತಿಲ್ಲ.

ಮುಂದಿನ ಘಟ್ಟಗಳು ಹೆಚ್ಚು ಸ್ಪಷ್ಟ. ಎಜುಸ್ಯಾಟ್ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಕಕ್ಷೆ ಸೇರಿತು. ಅದನ್ನು ಆಧರಿಸಿದ ವಿಕ್ಟರ್ಸ್ ಶೈಕ್ಷಣಿಕ ಜಾಲವನ್ನು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ 2005ರ ಜುಲೈ 28ರಂದು ಉದ್ಘಾಟಿಸಿದರು. ಎಸ್‌ಎಸ್‌ಎಲ್‌ಸಿಯಲ್ಲಿ ಮಾಹಿತಿ ತಂತ್ರಜ್ಞಾನ ಪರೀಕ್ಷೆ ಬಂದದ್ದೂ 2005ರಲ್ಲಿ. ಆರಂಭದಲ್ಲಿ ಪಠ್ಯಪುಸ್ತಕ ಒಂದು ಖಾಸಗಿ ಕಾರ್ಯಾಚರಣ ವ್ಯವಸ್ಥೆಯ ಸುತ್ತ ರಚಿತವಾಗಿತ್ತು. ಶಿಕ್ಷಕ ಸಂಘಟನೆಗಳ ಮತ್ತು ಸ್ವತಂತ್ರ ತಂತ್ರಾಂಶ ಕಾರ್ಯಕರ್ತರ ಆಕ್ಷೇಪದ ಬಳಿಕ ಯೋಜನೆ ಹಂತಹಂತವಾಗಿ ಗ್ನೂ/ಲಿನಕ್ಸ್ ಕಡೆಗೆ ಹೊರಳಿತು. 2007ರ ರಾಜ್ಯ ಮಾಹಿತಿ ತಂತ್ರಜ್ಞಾನ ನೀತಿ ಈ ದಿಕ್ಕನ್ನು ಗಟ್ಟಿಗೊಳಿಸಿತು. ಈ ನಿರ್ಧಾರ ಕನ್ನಡ ಮಕ್ಕಳ ಟೈಪಿಂಗ್ ಮೇಲೆ ಬೀರಿದ ಪರಿಣಾಮ 6ನೆಯ ವಿಭಾಗದಲ್ಲಿದೆ.

2017ರ ಆಗಸ್ಟ್‌ನಲ್ಲಿ ಐಟಿ@ಸ್ಕೂಲ್ ‘ಕೈಟ್’ ಎಂಬ ಸರಕಾರಿ ಕಂಪೆನಿಯಾಯಿತು. 8ರಿಂದ 12ನೆಯ ತರಗತಿವರೆಗಿನ ಹೈಟೆಕ್ ಶಾಲಾ ಯೋಜನೆಯ ಉದ್ಘಾಟನೆ 2018ರ ಜನವರಿ 21ರಂದು ನಡೆಯಿತು. 1ರಿಂದ 7ರವರೆಗಿನ ಹೈಟೆಕ್ ಲ್ಯಾಬ್ ಯೋಜನೆ 2019ರ ಜುಲೈಯಲ್ಲಿ ಬಂತು.

3. ಉಪಕರಣಗಳ ಮೊತ್ತ: ಒಂದು ಮರುಗಣನೆ

2020ರ ಅಕ್ಟೋಬರ್ 12ರಂದು ಕೇರಳವನ್ನು ಸಾರ್ವಜನಿಕ ಶಿಕ್ಷಣದಲ್ಲಿ ಸಂಪೂರ್ಣ ಡಿಜಿಟಲ್ ಆದ ಮೊದಲ ರಾಜ್ಯವೆಂದು ಘೋಷಿಸಲಾಯಿತು. ಆಗ ಪ್ರಕಟವಾದ ಒಟ್ಟು ಅಂಕಿ: 16,027 ಶಾಲೆಗಳು, 3,74,274 ಡಿಜಿಟಲ್ ಉಪಕರಣಗಳು.

ಬಿಡಿ ಅಂಕಿಗಳು ಹೀಗಿವೆ: ಲ್ಯಾಪ್‌ಟಾಪ್ 1,19,055, ಪ್ರೊಜೆಕ್ಟರ್ 69,944, ಯುಎಸ್‌ಬಿ ಸ್ಪೀಕರ್ 1,00,473, ಪ್ರೊಜೆಕ್ಟರ್ ತೂಗುಹಾಕುವ ಕಿಟ್ 43,250, ಪರದೆ 23,098, ಟೆಲಿವಿಷನ್ 4,545, ಬಹೂಪಯೋಗಿ ಪ್ರಿಂಟರ್ 4,611, ಡಿಎಸ್‌ಎಲ್‌ಆರ್ ಕ್ಯಾಮರಾ 4,578, ವೆಬ್ ಕ್ಯಾಮರಾ 4,720. ಈ ಒಂಬತ್ತನ್ನೂ ಕೂಡಿದರೆ ಸರಿಯಾಗಿ 3,74,274 ಬರುತ್ತದೆ.  

ಲೆಕ್ಕ ಸರಿಯಿದೆ. ಆದರೆ ಲೆಕ್ಕದ ಏಕಮಾನದ ಬಗ್ಗೆ ಒಂದು ಮಾತು ಅಗತ್ಯ. ಮಗು ನೇರವಾಗಿ ಕುಳಿತು ಕೆಲಸ ಮಾಡಬಹುದಾದ ಸಾಧನ ಲ್ಯಾಪ್‌ಟಾಪ್ ಮಾತ್ರ ಎಂದು ಭಾವಿಸಿದರೆ ಅದರ ಪಾಲು ಒಟ್ಟಿನ ಶೇ. 31.8. ತೂಗುಹಾಕುವ ಕಿಟ್ ಮತ್ತು ಪರದೆ ಸೇರಿ 66,348, ಅಂದರೆ ಶೇ. 17.7. ‘ಡಿಜಿಟಲ್ ಉಪಕರಣ’ ಎಂಬ ಶೀರ್ಷಿಕೆಯಡಿ ಗೋಡೆಯ ಪರದೆಯೂ ಲ್ಯಾಪ್‌ಟಾಪೂ ತಲಾ ಒಂದೊಂದು. ಇದು ತಪ್ಪು ಲೆಕ್ಕವಲ್ಲ. ಈ ಮೊತ್ತವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ ಹೋಲಿಕೆ ಮಾಡುವವರು ಮಾತ್ರ ಎಚ್ಚರ ವಹಿಸಬೇಕು.

ಶಾಲೆಗಳ ಸಂಖ್ಯೆಯಲ್ಲೂ ಒಂದು ಅಂತರವಿದೆ. ಹೈಟೆಕ್ ಯೋಜನೆಯಲ್ಲಿ 4,752 ಶಾಲೆಗಳ 45,000 ತರಗತಿಗಳು ಸೇರಿದ್ದವು. 16,027ರಿಂದ 4,752ನ್ನು ಕಳೆದರೆ ಉಳಿಯುವುದು 11,275. ಆದರೆ ಹೈಟೆಕ್ ಲ್ಯಾಬ್ ಯೋಜನೆ ಆರಂಭವಾದ ಹೊತ್ತಿನ ಅಂಕಿ 9,941. ವ್ಯತ್ಯಾಸ 1,334. ಹೈಸ್ಕೂಲಿನ ಆವರಣದಲ್ಲೇ ಇರುವ ಪ್ರಾಥಮಿಕ ವಿಭಾಗಗಳು ನಂತರ ಪ್ರತ್ಯೇಕ ಶಾಲೆಗಳಾಗಿ ಎಣಿಕೆಗೆ ಬಂದಿರಬಹುದೆಂಬುದು ಸಂಭವನೀಯ ವಿವರಣೆ. ಅದು ಸರಿಯಾದರೆ 16,027 ಎಂಬುದು ಆವರಣಗಳ ಸಂಖ್ಯೆಯಲ್ಲ, ವಿಭಾಗಗಳ ಸಂಖ್ಯೆ. ಶಾಲೆಗೆ ಸರಾಸರಿ 7.4 ಲ್ಯಾಪ್‌ಟಾಪ್ ಎಂಬ ಭಾಗಾಕಾರವನ್ನೂ ಅದೇ ಮಿತಿಯಲ್ಲಿ ಓದಬೇಕು.

ಈ ಒಂಬತ್ತು ಬಾಬುಗಳ ಪಟ್ಟಿಯಲ್ಲಿ ಬೋಧನ ಮಾಧ್ಯಮ ಒಂದು ಅಂಕಣವಾಗಿ ಇಲ್ಲ. ಪೈವಳಿಕೆಯ ದೃಷ್ಟಿಯಿಂದ ಇಡೀ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶ ಇದೇ ಎಂಬುದು ಟಿಪ್ಪಣಿಕಾರರ ಅಭಿಪ್ರಾಯ.

4. ಪ್ರಾಯೋಗಿಕ ಹಂತ ಮತ್ತು ಹೊಣೆಯ ಹಂಚಿಕೆ

ಹೈಟೆಕ್ ಯೋಜನೆಯ ಪ್ರಯೋಗ ನಡೆದದ್ದು ಆಲಪ್ಪುಳ, ಪುದುಕ್ಕಾಡ್, ಕೋಝಿಕ್ಕೋಡ್ ಉತ್ತರ ಮತ್ತು ತಳಿಪ್ಪರಂಬ ವಿಧಾನಸಭಾ ಕ್ಷೇತ್ರಗಳಲ್ಲಿ. ನಾಲ್ಕರಲ್ಲಿ ಕಾಸರಗೋಡು ಜಿಲ್ಲೆಯದು ಒಂದೂ ಇಲ್ಲ. ಕೇರಳದ ಕನ್ನಡ ಮಾಧ್ಯಮ ತರಗತಿಗಳು ಬಹುತೇಕ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲೇ ಇರುವುದರಿಂದ, ಕನ್ನಡ ತರಗತಿಯಲ್ಲಿ ಈ ಸಲಕರಣೆ ಹೇಗೆ ನಡೆಯುತ್ತದೆಂಬ ಪರೀಕ್ಷೆ ಪ್ರಾಯೋಗಿಕ ಹಂತದಲ್ಲಿ ಆಗಿರಲು ಅವಕಾಶ ಕಡಮೆ. ಇದು ಸ್ಥಳಗಳ ಆಯ್ಕೆಯಿಂದ ಹೊರಡುವ ಅನುಮಾನವೇ ಹೊರತು ಉದ್ದೇಶದ ಕುರಿತ ಆರೋಪವಲ್ಲ.

ಹೊಣೆಯ ಹಂಚಿಕೆ ಪೈವಳಿಕೆಯ ಮಟ್ಟಿಗೆ ಎರಡು ಕವಲಾಗಿದೆ. ಅಧಿಕಾರ ವಿಕೇಂದ್ರೀಕರಣದ ಬಳಿಕ ಸರಕಾರಿ ಪ್ರಾಥಮಿಕ ಶಾಲೆಗಳು ಗ್ರಾಮ ಪಂಚಾಯತಿನ ಕೆಳಗೂ ಹೈಸ್ಕೂಲುಗಳು ಜಿಲ್ಲಾ ಪಂಚಾಯತಿನ ಕೆಳಗೂ ಬಂದವು. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಡುವುದು ಕೈಟ್. ಆದರೆ ಅದಕ್ಕೂ ಮೊದಲು ಕೋಣೆಗೆ ಭದ್ರವಾದ ಬಾಗಿಲು, ವಿದ್ಯುತ್ ಸಂಪರ್ಕ, ಸರಿಯಾದ ನೆಲ ಇರಬೇಕು. ಈ ಸಿದ್ಧತೆ ಸ್ಥಳೀಯಾಡಳಿತ, ರಕ್ಷಕ ಶಿಕ್ಷಕ ಸಂಘ ಅಥವಾ ಅನುದಾನಿತ ಶಾಲೆಯಾದರೆ ಮ್ಯಾನೇಜರರ ಪಾಲಿಗೆ ಬರುತ್ತದೆ. ಒಂದೇ ಊರಿನ ಎರಡು ಶಾಲೆಗಳಿಗೆ ಉಪಕರಣ ಬೇರೆಬೇರೆ ತಿಂಗಳಲ್ಲಿ ಬಂದಿದ್ದರೆ ಕಾರಣವನ್ನು ಪೂರೈಕೆಯಲ್ಲಿ ಹುಡುಕುವ ಮೊದಲು ಕೋಣೆಯ ಸಿದ್ಧತೆಯಲ್ಲಿ ಹುಡುಕುವುದು ಸೂಕ್ತ.

5. ವಾರಂಟಿಯ ಕಾಲಗಣನೆ

ಹೈಟೆಕ್ ಉಪಕರಣಗಳಿಗೆ ಐದು ವರ್ಷಗಳ ವಾರಂಟಿ ಇತ್ತು. 2018ರ ಫೆಬ್ರವರಿಯಲ್ಲಿ ಅಳವಡಿಸಿದ ಒಂದು ಪ್ರೊಜೆಕ್ಟರನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಅದರ ಅರುವತ್ತು ತಿಂಗಳು 2023ರ ಫೆಬ್ರವರಿಯ ಹೊತ್ತಿಗೆ ಮುಗಿಯುತ್ತದೆ. ಆದರೆ 2020ರ ಮಾರ್ಚ್ ಎರಡನೆಯ ವಾರದಲ್ಲಿ ಮುಚ್ಚಿದ ಶಾಲೆಗಳು ಎಲ್ಲ ತರಗತಿಗಳಿಗೂ ತೆರೆಯತೊಡಗಿದ್ದು 2021ರ ನವೆಂಬರ್ 1ರಿಂದ. 10 ಮತ್ತು 12ನೆಯ ತರಗತಿಯವರು 2021ರ ಜನವರಿಯಿಂದ ಭಾಗಶಃ ಬಂದಿದ್ದರು. ಆ ಅಪವಾದವನ್ನು ಬಿಟ್ಟರೆ, ಅರುವತ್ತು ತಿಂಗಳಲ್ಲಿ ಸುಮಾರು ಹತ್ತೊಂಬತ್ತೂವರೆ ತಿಂಗಳು, ಅಂದರೆ ಮೂರನೇ ಒಂದು ಭಾಗಕ್ಕೆ ತುಸು ಕಡಮೆ, ಉಪಕರಣ ಮುಚ್ಚಿದ ಕೋಣೆಯಲ್ಲಿ ಕಳೆದಂತಾಯಿತು.

ಡಿಜಿಟಲ್ ಘೋಷಣೆಯ ದಿನಾಂಕವೂ ಈ ಅವಧಿಯೊಳಗೇ ಬೀಳುತ್ತದೆ. ಕರಾವಳಿಯ ಮಳೆಗಾಲದ ತೇವದಲ್ಲಿ ಎರಡು ಆಷಾಢ ಚಾಲೂ ಆಗದೆ ಉಳಿದ ಪ್ರೊಜೆಕ್ಟರಿಗೂ ನಿತ್ಯ ಬಳಕೆಯದಕ್ಕೂ ಬಾಳಿಕೆಯಲ್ಲಿ ವ್ಯತ್ಯಾಸವಿರಬಹುದು. ಖರೀದಿಯ ವರ್ಷವನ್ನಷ್ಟೇ ಬರೆದು ಬಳಕೆಯ ತಿಂಗಳುಗಳನ್ನು ಬರೆಯದ ದಾಸ್ತಾನು ಪುಸ್ತಕದಿಂದ ಇದನ್ನು ನಿರ್ಣಯಿಸಲಾಗದು.

6. ಕೀಲಿಮಣೆ

ಕನ್ನಡ ತರಗತಿಗೆ ಯೋಜನೆ ಕೊಟ್ಟ, ಆದರೆ ಯಾವ ಪಟ್ಟಿಯಲ್ಲೂ ಸೇರದ ಒಂದು ಪ್ರಯೋಜನ ಇಲ್ಲಿದೆ. ಉಬುಂಟು ಆಧಾರಿತವಾದ ಶಾಲಾ ಗ್ನೂ/ಲಿನಕ್ಸ್‌ನಲ್ಲಿ ಮಲಯಾಳಂ ಟೈಪಿಂಗಿಗೆ ಅನುಸರಿಸಿದ್ದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಈ ವಿನ್ಯಾಸದಲ್ಲಿ ಭಾರತೀಯ ಲಿಪಿಗಳ ಸಮಾನಾಕ್ಷರಗಳಿಗೆ ಒಂದೇ ಕೀಲಿ.

ಊರಿನ ಹೆಸರನ್ನೇ ಪರೀಕ್ಷೆಗೆ ತೆಗೆದುಕೊಳ್ಳಬಹುದು. ‘ಪೈವಳಿಕೆ’ ಏಳು ಯೂನಿಕೋಡ್ ಬಿಂದುಗಳ ಪದ: ಪ, ಐತ್ವ, ವ, ಳ, ಗುಡಿಸು, ಕ, ಎತ್ವ. ಇನ್‌ಸ್ಕ್ರಿಪ್ಟ್‌ನಲ್ಲಿ ಕ್ರಮವಾಗಿ ಒತ್ತಬೇಕಾದ ಕೀಲಿಗಳು: ಎಚ್, ಡಬ್ಲ್ಯು, ಬಿ, ಶಿಫ್ಟ್ ಹಿಡಿದು ಎನ್, ಎಫ್, ಕೆ, ಝಡ್. ಭಾಷೆಯನ್ನು ಮಲಯಾಳಕ್ಕೆ ಬದಲಿಸಿ ಇದೇ ಏಳನ್ನು ಒತ್ತಿದರೆ ಮಲಯಾಳಂ ಲಿಪಿಯಲ್ಲಿ ಅದೇ ಹೆಸರು ಮೂಡುತ್ತದೆ. ಯೂನಿಕೋಡ್ ಕೋಷ್ಟಕದಲ್ಲೂ ಏಳರಲ್ಲಿ ಪ್ರತಿಯೊಂದರ ಕನ್ನಡ ಮತ್ತು ಮಲಯಾಳಂ ಸ್ಥಾನಗಳ ನಡುವಿನ ಅಂತರ ನಿಖರವಾಗಿ 128. ಎರಡು ಭಾಷೆ ಕಲಿಯಬೇಕಾದ ಮಗುವಿಗೆ ಬೆರಳಿನ ಅಭ್ಯಾಸ ಒಂದೇ ಸಾಕು.

ಗಡಿಯ ಆಚೆ ಸ್ಥಿತಿ ಬೇರೆ. ಕರ್ನಾಟಕದಲ್ಲಿ ನುಡಿ ತಂತ್ರಾಂಶದ ಮೂಲಕ ರೂಢಿಯಾದದ್ದು ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಧ್ವನ್ಯನುಸಾರಿ ವಿನ್ಯಾಸ. ಅದರಲ್ಲಿ ‘ಪೈವಳಿಕೆ’ ಬರೆಯುವಾಗ ‘ಕ’ ಒಂದೇ ಇನ್‌ಸ್ಕ್ರಿಪ್ಟ್‌ನ ಕೀಲಿಯಲ್ಲಿ ಉಳಿಯುತ್ತದೆ. ಉಳಿದ ಆರೂ ಬೇರೆ ಕಡೆ. ಪೈವಳಿಕೆಯಲ್ಲಿ ಕಲಿತು ಮಂಗಳೂರಿನ ಕಾಲೇಜಿಗೆ ಹೋಗುವ ವಿದ್ಯಾರ್ಥಿ ಕನ್ನಡ ಟೈಪಿಂಗನ್ನು ಹೆಚ್ಚುಕಡಮೆ ಹೊಸದಾಗಿ ಕಲಿಯಬೇಕಾಗುತ್ತದೆ. ಎರಡೂ ವಿನ್ಯಾಸಗಳಿಗೆ ತಮ್ಮದೇ ಸಮರ್ಥನೆಯಿದೆ. ಹೈಸ್ಕೂಲು ಹಂತದಲ್ಲಿ ಎರಡನೆಯದರ ಪರಿಚಯಕ್ಕೆ ಕೆಲವು ಅವಧಿಗಳನ್ನು ಮೀಸಲಿಡುವುದು ಖರ್ಚಿಲ್ಲದ ಕ್ರಮ.

7. ಫಸ್ಟ್ ಬೆಲ್

ಭಾಷೆಯ ಪ್ರಶ್ನೆ ಸ್ಪಷ್ಟವಾಗಿ ಕಾಣಿಸಿಕೊಂಡದ್ದು 2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದಾಗ. ಮಲಯಾಳಂ ಪಾಠ ಟೆಲಿವಿಷನ್ನಿನಲ್ಲಿ ಬಂತು. ಕನ್ನಡ ಮಾಧ್ಯಮದ ಪಾಠಗಳು ಕಾಸರಗೋಡಿನಲ್ಲಿ ತಯಾರಾಗಿ ಪ್ರಧಾನವಾಗಿ ಕೈಟ್ ಕಾಸರಗೋಡಿನ ಯೂಟ್ಯೂಬ್ ಮೂಲಕ ದೊರೆತವು. ತಮಿಳು ಮಾಧ್ಯಮಕ್ಕೂ ಪಾಲಕ್ಕಾಡಿನಿಂದ ಇಂಥದೇ ಏರ್ಪಾಡಿತ್ತು.

ಪಾಠ ಸಿಕ್ಕಿತು ಎಂಬಲ್ಲಿ ಎರಡೂ ಸಮಾನ. ಪಡೆಯುವ ದಾರಿ ಸಮಾನವಲ್ಲ. ಟೆಲಿವಿಷನ್ನಿಗೆ ಡಿಶ್ ಅಥವಾ ಕೇಬಲ್ ಸಾಕು. ಯೂಟ್ಯೂಬಿಗೆ ಮನೆಯಲ್ಲಿ ಸ್ಮಾರ್ಟ್‌ಫೋನ್, ಡೇಟಾ ಮತ್ತು ಸಿಗ್ನಲ್ ಮೂರೂ ಬೇಕು. ಗುಡ್ಡ, ತೋಟಗಳ ನಡುವೆ ಮನೆಗಳು ಚದುರಿರುವ ಪೈವಳಿಕೆ, ಬಾಯಾರು, ಚಿಪ್ಪಾರಿನಂಥ ಕಡೆ ಮೂರನೆಯದು ಎಲ್ಲ ಮನೆಗೂ ಒಂದೇ ಪ್ರಮಾಣದಲ್ಲಿ ಸಿಗುವಂಥದ್ದಲ್ಲ.

ಅದೇ ವರ್ಷದ ಜುಲೈಯಲ್ಲಿ ಕರ್ನಾಟಕವು ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳನ್ನು ಆರಂಭಿಸಿತು. ಅವನ್ನೇ ನೋಡಬಹುದಿತ್ತಲ್ಲ ಎಂಬ ವಾದಕ್ಕೆ ಒಂದು ತೊಡಕಿದೆ. ಪೈವಳಿಕೆಯ ಕನ್ನಡ ಮಾಧ್ಯಮದ ಮಗು ಓದುವುದು ಕೇರಳ ಎಸ್‌ಸಿಇಆರ್‌ಟಿಯ ಪಠ್ಯವನ್ನು. ಭಾಷೆ ಒಂದೇ ಆದರೂ ಪಾಠಕ್ರಮ ಬೇರೆ. ಕರ್ನಾಟಕದ ವಿಡಿಯೋ ಪೂರಕವಾಗಬಲ್ಲದು, ಬದಲಿಯಾಗಲಾರದು. ಕೈಟ್ ಸಿದ್ಧಪಡಿಸಿದ ಹೊಸ ಐಸಿಟಿ ಪಠ್ಯಪುಸ್ತಕಗಳು ಮಲಯಾಳಂ, ಇಂಗ್ಲಿಷ್, ತಮಿಳು, ಕನ್ನಡ ನಾಲ್ಕರಲ್ಲೂ ಬಂದಿರುವುದು ಈ ದೃಷ್ಟಿಯಿಂದ ಮುಖ್ಯ. ಅಲ್ಲಿ ಮಾಧ್ಯಮವನ್ನು ಯೋಜನೆಯೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಪಠ್ಯದಲ್ಲಿ ಸಾಧ್ಯವಾದದ್ದು ದಾಸ್ತಾನು ಮತ್ತು ಪ್ರಸಾರದ ಲೆಕ್ಕದಲ್ಲೂ ಸಾಧ್ಯವಾಗಬೇಕು.

8. ಒಂದು ಸೂಚನೆ

ಮೇಲಿನ ಅಂಶಗಳಿಂದ ಹೆಚ್ಚಿನ ತೀರ್ಮಾನಕ್ಕೆ ಹೋಗುವುದು ಸದ್ಯಕ್ಕೆ ಸಾಧುವಲ್ಲ. ಉಪಕರಣಗಳ ಹಂಚಿಕೆಯಲ್ಲಿ ಕನ್ನಡ ಶಾಲೆಗೆ ತಾರತಮ್ಯವಾಗಿದೆ ಎಂದು ಈ ಅಂಕಿಗಳು ಹೇಳುವುದಿಲ್ಲ. ಆಗಿಲ್ಲ ಎಂದೂ ಹೇಳುವುದಿಲ್ಲ. ಮಾಧ್ಯಮವಾರು ಅಂಕಣವಿಲ್ಲದ ಪಟ್ಟಿಯಿಂದ ಎರಡನ್ನೂ ಸಾಧಿಸಲಾಗದು.

ಅಂಕಣವನ್ನು ಸೇರಿಸುವುದಕ್ಕೆ ತಿರುವನಂತಪುರದ ಆದೇಶ ಬೇಕಿಲ್ಲ. ಪೈವಳಿಕೆ ಗ್ರಾಮ ಪಂಚಾಯತಿನ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ಮತ್ತು ಐಟಿ ಸಂಯೋಜಕರಲ್ಲಿ ವಿನಂತಿ ಇಷ್ಟು: ದಾಸ್ತಾನು ಪುಸ್ತಕದಲ್ಲಿ ಪ್ರತಿ ಉಪಕರಣದ ಎದುರು ಅಳವಡಿಸಿದ ದಿನಾಂಕ, ಕೆಟ್ಟ ಮತ್ತು ದುರಸ್ತಿಯಾದ ದಿನಾಂಕ, ಅದು ಇರುವ ತರಗತಿಯ ಮಾಧ್ಯಮ ಇವನ್ನು ಬರೆದಿಡಿ. ಮುಂದಿನ ವಾರ್ಷಿಕ ಯೋಜನೆಯ ಶಿಕ್ಷಣ ಕಾರ್ಯತಂಡದ ಸಭೆಗೆ ಆ ಪುಟಗಳ ಪ್ರತಿಯನ್ನು ಕೊಡಿ.